ತಕ್ಕಡಿಯ ಅಂಗಳದಲ್ಲಿ ನಿಂತ ಕಾರು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವಳು ತಕ್ಕಡಿ. ದೊಡ್ಡ ತರಕಾರಿ ಅಂಗಡಿಯೊಂದರಲ್ಲಿ ತೂಕದ ಮೇಜಿನ ಹಿಂದೆ ನಿಂತು, ಗಿರಾಕಿಗಳು ತಂದಿಟ್ಟ ಚೀಲಗಳನ್ನು ತೂಗಿ ಚೀಟಿ ಅಂಟಿಸುವುದು ಅವಳ ಕೆಲಸವಾಗಿತ್ತು. ಚೀಲ ಎತ್ತಿದ ಕೂಡಲೇ ತೂಕ ಬಾಯಿಗೆ ಬರುತ್ತಿತ್ತು. ಯಂತ್ರ ಆಮೇಲೆ ಹೌದೆನ್ನುತ್ತಿತ್ತು. ಮಾತಿಗೂ ಅದೇ ಅಭ್ಯಾಸ. ಯಾರು ಏನೇ ಅಂದರೂ ಒಂದು ಗಳಿಗೆ ಸುಮ್ಮನಿದ್ದು, ಎತ್ತಿ ನೋಡಿದ ಮೇಲೆಯೇ ಉತ್ತರ. "ಇವಳ ಹತ್ರ ಜಗಳ ಆಡೋದೂ ಕಷ್ಟ ಕಣಯ್ಯ, ಗ್ರಾಂ ಲೆಕ್ಕದಲ್ಲಿ ಬೈತಾಳೆ" ಎಂದು ಅವಳ ಗಂಡ ಗೆಳೆಯರ ಮುಂದೆ ನಗುತ್ತಿದ್ದ. ಅವನು ಲಾರಿ ಡ್ರೈವರ್. ಅವನದು ಎಲ್ಲವೂ ಟನ್ ಲೆಕ್ಕ.

ಮಗಳು ಹುಟ್ಟಿದ ಮೇಲೆ ಆ ನಗು ಕಡಿಮೆಯಾಯಿತು. ದಿನ ತುಂಬುವ ಮೊದಲೇ ಬಂದ ಮಗು, ಹೃದಯದಲ್ಲಿ ಸಣ್ಣದೊಂದು ತೂತು ಇಟ್ಟುಕೊಂಡೇ ಬಂದಿತ್ತು. ಅತ್ತೆ ಮೊದಲ ಸಲ ಎತ್ತಿಕೊಂಡಾಗ, "ಇದೇನೇ ಇದು, ಹತ್ತಿ ಎತ್ಕೊಂಡ ಹಾಗಿದೆ" ಅಂದುಬಿಟ್ಟರು. ಮನೆಯಲ್ಲಿ ಅದೇ ಹೆಸರಾಗಿ ನಿಂತಿತು. ಹತ್ತಿ.

"ಆಪರೇಷನ್ ಮಾಡ್ತೀವಮ್ಮ, ಆದ್ರೆ ಮೊದ್ಲು ತೂಕ ಬರ್ಲಿ" ಎಂದಿದ್ದರು ಡಾಕ್ಟರು. ಜೀವಮಾನವೆಲ್ಲ ಬೇರೆಯವರ ಚೀಲ ತೂಗಿದವಳಿಗೆ ಈ ಮಾತು ಎದೆಗೆ ಇಳಿದ ರೀತಿಯೇ ಬೇರೆ. ಅಂಗಡಿ ಕೆಲಸ ಬಿಟ್ಟಳು. ಮನೆಗೆ ಗಾಜಿನ ಹಲಗೆಯಂಥ ತೂಕದ ಯಂತ್ರ ಬಂತು. ದಿನಾ ಎದ್ದ ಕೂಡಲೇ ಹತ್ತಿಯನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲುವಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಮತ್ತೆ ನಿಲ್ಲುವಳು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವಳು. ಏರಿದ ದಿನ ಮನೆಯಲ್ಲಿ ಮಾತು ಹೆಚ್ಚು. ಇಳಿದ ದಿನ ಅವಳ ತಟ್ಟೆಯ ಅನ್ನ ಹಾಗೇ ಉಳಿಯುವುದು. "ಮಗೂನ ನೋಡೇ, ಆ ಗಾಜನ್ನ ಯಾಕೆ ನೋಡ್ತೀಯ?" ಎಂದು ಅತ್ತೆ ಗದರುವರು. ಹಾಗೆ ಗದರಿದವರೇ ಕನ್ನಡಕ ಹುಡುಕಿಕೊಂಡು ಬಂದು ಬಗ್ಗಿ ಅಂಕಿ ನೋಡುವರು.

ತೂಕ ಬಂತು. ದಿನ ಗೊತ್ತಾಯಿತು. ಆ ದಿನ ಬಂದಾಗ ಮಗುವಿಗೆ ಶೀತ, ಆಪರೇಷನ್ ಮುಂದಕ್ಕೆ ಹೋಯಿತು. ಆಪರೇಷನ್ ಮಾಡುವವರು ಹೊರಗಿನಿಂದ ಆಗೊಮ್ಮೆ ಬಂದು ಹೋಗುವ ಸರ್ಜನ್. ಹೊಸ ದಿನ ಗೊತ್ತುಮಾಡಿ ಫೋನ್ ಮಾಡಿದಾಗ ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. "ಬೆಳಿಗ್ಗೆ ಒಂಬತ್ತರೊಳಗೆ ಬಂದು ಸೇರಿ. ತಡ ಆದ್ರೆ ಮುಂದಿನ ಮಗೂನ ತಗೋತೀವಿ. ನಿಮ್ಮ ಸರದಿ ಮತ್ತೆ ಯಾವಾಗ ಅಂತ ಹೇಳೋಕಾಗಲ್ಲ."

ಆಸ್ಪತ್ರೆ ಇರುವುದು ದೊಡ್ಡ ಊರಿನಲ್ಲಿ, ಬಹಳ ದೂರ. ಮೊದಲ ಬಸ್ಸು ಹೊರಡುವಾಗಲೇ ಬಿಸಿಲು ಏರಿರುತ್ತದೆ. ಅದಕ್ಕೇ ಗಂಡನ ಅಣ್ಣ, ಅವಳ ಭಾವ, ತಾನು ಕೆಲಸದ ಮೇಲೆ ರೈಲಿನಲ್ಲಿ ಹೋಗುವವನಿದ್ದರೂ ಹಿಂದಿನ ಸಂಜೆ ಬಂದು ತನ್ನ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದ. ಕೀ ತೂರಿಸಿ ತಿರುಗಿಸುವ ಕಾರಲ್ಲ ಅದು. ಕೀ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಹೊರಡುತ್ತದೆ. "ಜೇಬಲ್ಲಿಟ್ಕೊಂಡು ರಾಜನ ಹಾಗೆ ಕೂತ್ಕೋ, ಅಷ್ಟೇ" ಎಂದು ತಮ್ಮನ ಬೆನ್ನು ತಟ್ಟಿದ್ದ.

ಬೆಳಗಿನ ಜಾವ, ಬೆಳಕು ಇನ್ನೂ ಮಾಸಲಾಗಿದ್ದಾಗ, ಗಂಡ ಜೇಬಿನಲ್ಲಿ ಕೀ ಇಟ್ಟುಕೊಂಡು ಕೂತ. ಗುಂಡಿ ಒತ್ತಿದ. ಕಾರು ಉಸಿರೆತ್ತಲಿಲ್ಲ.

ಮತ್ತೆ ಒತ್ತಿದ. ಕಣ್ಣೆದುರಿನ ಫಲಕದಲ್ಲಿ ಏನೋ ಹಳದಿಯಾಗಿ ಮಿನುಗಿ ಆರಿತು. ಕ್ಲಚ್ ತುಳಿದು ಒತ್ತಿದ. ಬ್ರೇಕನ್ನೂ ಸೇರಿಸಿ ತುಳಿದು ಒತ್ತಿದ. ಗೇರನ್ನು ಆಚೀಚೆ ಅಲ್ಲಾಡಿಸಿ ನ್ಯೂಟ್ರಲ್ಲಿಗೆ ತಂದು ಒತ್ತಿದ.

ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ತಕ್ಕಡಿ ಮುಂದಕ್ಕೆ ಬಗ್ಗಿದಳು. "ಏನ್ರೀ?"

"ಏನಿಲ್ಲ, ಇರು." ಲಾರಿಯ ಮನುಷ್ಯ ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ. ಹೆಡ್‌ಲೈಟ್ ಹಾಕಿದ, ಎದುರಿನ ಗೋಡೆ ಹಗಲಿನಂತೆ ಬೆಳಗಿತು. ಹಾರ್ನ್ ಒತ್ತಿದ, ಬೀದಿಯ ನಾಯಿಗಳೆಲ್ಲ ಎದ್ದವು. "ಬ್ಯಾಟರಿ ಗಟ್ಟಿಯಾಗಿದೆ. ಆದ್ರೂ ಟಕ್ ಅಂತನೂ ಅನ್ನಲ್ವಲ್ಲ ಇದು."

ಬಾನೆಟ್ ಎತ್ತಿ ಟಾರ್ಚ್ ಹಿಡಿದು ವೈರುಗಳನ್ನು ಒಂದೊಂದಾಗಿ ಅಲುಗಿಸಿದ. ಬ್ಯಾಟರಿಯ ತುದಿಗಳನ್ನು ಬಿಗಿ ಮಾಡಿದ. ಏನೂ ಆಗಲಿಲ್ಲ. ಊರಿನ ಟ್ಯಾಕ್ಸಿಯವನಿಗೆ ಫೋನ್ ಮಾಡಿದರೆ ಅವನು ಬಾಡಿಗೆಗೆ ಹೋಗಿ ಇನ್ನೆಲ್ಲೋ ಇದ್ದ. ಗ್ಯಾರೇಜಿನವನ ಫೋನ್ ಸ್ವಿಚ್ ಆಫ್.

ಹತ್ತಿ ಎದ್ದಳು. ಹಾಲು ನಿಲ್ಲಿಸಿ ಆಗಲೇ ಎಷ್ಟೋ ಹೊತ್ತಾಗಿತ್ತು. ಆಪರೇಷನ್ ಮುಗಿಯುವ ತನಕ ಹನಿಯೂ ಕೊಡುವಂತಿರಲಿಲ್ಲ. ಅವಳು ತಾಯಿಯ ಎದೆಗೆ ಮೂಗು ಉಜ್ಜಿ, ಬಾಯಿ ತೆರೆದು ಹುಡುಕಿದಳು. ಸಿಗಲಿಲ್ಲ. ಸಣ್ಣಗೆ ಅಳತೊಡಗಿದಳು. ಜೋರಾಗಿ ಅಳುವ ಶಕ್ತಿ ಆ ಮಗುವಿಗೆ ಇರಲಿಲ್ಲ. ಅತ್ತರೆ ತುಟಿ ನೀಲಿಯಾಗುತ್ತಿತ್ತು. ತಕ್ಕಡಿಯ ರವಿಕೆ ಒದ್ದೆಯಾಯಿತು. ಸೆರಗನ್ನು ಎರಡು ಮಡಿಕೆ ಮಾಡಿ ಒತ್ತಿಕೊಂಡು, ಮಗುವನ್ನು ಅತ್ತೆಯ ಮಡಿಲಿಗೆ ದಾಟಿಸಿದಳು. ತನ್ನ ವಾಸನೆ ಹತ್ತಿರವಿದ್ದಷ್ಟೂ ಅಳು ಹೆಚ್ಚು ಎಂದು ಅವಳಿಗೆ ಗೊತ್ತಿತ್ತು.

"ಭಾವಂಗೆ ಫೋನ್ ಮಾಡಿ. ಸ್ಪೀಕರ್ ಹಾಕಿ" ಎಂದಳು.

ರೈಲಿನ ಗಡಗಡದ ನಡುವೆ ಭಾವನ ದನಿ ಬಂತು. "ಸದ್ದೇ ಇಲ್ವಾ? ಲೈಟ್ ಉರಿಯುತ್ತಾ?"

"ಲೈಟೂ ಇದೆ, ಹಾರ್ನೂ ಇದೆ ಅಣ್ಣಾ."

"ಹಾಗಾದ್ರೆ ಬ್ಯಾಟರಿ ಅಲ್ಲ. ಸೆಲ್..." ಗಡಗಡ ಜೋರಾಯಿತು. "...ಹೋಗಿರ್ಬೇಕು ಕಣೋ. ನೀನೊಂದು ಕೆಲ್ಸ ಮಾಡು, ಆ ಕೀನ..." ಅಲ್ಲಿಗೆ ಕಟ್. ಮತ್ತೆ ಮಾಡಿದರೆ ಆ ಕಡೆ ಒಂದು ಹೆಂಗಸಿನ ರೆಕಾರ್ಡಿನ ದನಿ ಮಾತ್ರ.

"ಸೆಲ್ಫ್ ಹೋಗಿದೆಯಂತೆ" ಎಂದ ಗಂಡ. ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟಾರಿಗೆ ಡ್ರೈವರುಗಳೆಲ್ಲ ಹೇಳುವುದು ಸೆಲ್ಫ್ ಎಂದೇ. ಕಾಯಿಲೆಯ ಹೆಸರು ಸಿಕ್ಕಿತಲ್ಲ, ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. "ನಮ್ಮ ಲಾರೀದೂ ಹೀಗೇ ಆಗಿತ್ತು. ಎರಡು ಏಟು ಬಿಟ್ರೆ ಎದ್ದು ಕೂರುತ್ತೆ. ನೀನು ಮುಂದೆ ಕೂತು ಗುಂಡಿ ಒತ್ತು."

ಕೀ ಅವಳ ಕೈಗೆ ಬಂತು. ಗಂಡ ಚಾಪೆ ಹಾಸಿಕೊಂಡು ಕಾರಿನಡಿ ಮಲಗಿ, ಚಕ್ರ ಬಿಚ್ಚುವ ಸ್ಪ್ಯಾನರಿನಿಂದ ಕುಟ್ಟತೊಡಗಿದ. ಠಣ್. "ಒತ್ತು!" ಒತ್ತಿದಳು. ಠಣ್ ಠಣ್. "ಈಗ!" ಹಳದಿ ಮಿನುಗಿ ಆರಿತು. ಒಂದೊಂದು ಏಟಿಗೂ ಹತ್ತಿ ಬೆಚ್ಚಿ ಬೀಳುತ್ತಿದ್ದಳು. ಫಲಕದ ಗಡಿಯಾರ ಮಾತ್ರ ಯಾವ ತೊಂದರೆಯೂ ಇಲ್ಲದೆ ಮುಂದೆ ಹೋಗುತ್ತಿತ್ತು.

ಹಾಲಿನವನು ಬಂದ. ಬೈಕ್ ನಿಲ್ಲಿಸಿ, "ಏನಕ್ಕಾ, ಇನ್ನೂ ಹೊರಟಿಲ್ವಾ? ಅಣ್ಣ ಯಾಕೆ ಅಲ್ಲಿ ಮಲಗಿದಾರೆ?" ಎಂದ.

"ನಿದ್ದೆ ಬಂತು, ಮಲಗಿದೀನಿ" ಎಂದಿತು ಕಾರಿನಡಿಯ ದನಿ.

"ಬೈಕಲ್ಲೇ ಬಿಟ್ಟು ಬರ್ಲಾ ಅಕ್ಕಾ?"

ಅವಳು ಆ ಮಾತನ್ನು ತೂಗಿದಳು. ಅಷ್ಟು ದೂರ, ಈ ಚಳಿಗಾಳಿ, ಈಗಷ್ಟೇ ಶೀತ ಬಿಟ್ಟ ಮಗು. "ಬೇಡಪ್ಪ. ಆ ಕ್ಯಾನ್ ಮಾತ್ರ ಸ್ವಲ್ಪ ಆಚೆ ಇಡು, ಮಗು ಕಣ್ಣಿಗೆ ಬೀಳದ ಹಾಗೆ."

ಗಂಡ ಹೊರಗೆ ಬಂದ. ಕೂದಲ ತುಂಬ ಮಣ್ಣು. "ತಳ್ಳೋಣ. ಗೇಟಿನ ತನಕ ಇಳಿಜಾರಿದೆ. ಓಟದಲ್ಲಿ ಗೇರ್ ಹಾಕಿದ್ರೆ ಎದ್ದೇ ಏಳುತ್ತೆ." ಅತ್ತೆ ಮಗುವನ್ನು ಎತ್ತಿಕೊಂಡು ಕೆಳಗಿಳಿದರು. ಅವನು ಸ್ಟಿಯರಿಂಗ್ ಹಿಡಿದು ಕೂತ. ಹಾಲಿನವನೂ ತಕ್ಕಡಿಯೂ ಹಿಂದಿನಿಂದ ಭುಜ ಕೊಟ್ಟರು. ಕಾರು ಕದಲಿತು, ವೇಗ ಹಿಡಿಯಿತು. ಮರುಕ್ಷಣ ಒಳಗಿನಿಂದ ಗಂಡನ ಕೂಗು: "ಸ್ಟಿಯರಿಂಗ್ ತಿರುಗ್ತಿಲ್ಲ! ಲಾಕ್ ಆಗಿದೆ! ಬಿಡಿ, ಬಿಡಿ!"

ಕಾರು ನೆಟ್ಟಗೆ ಕಾಂಪೌಂಡ್ ಗೋಡೆಯತ್ತ ಹೋಯಿತು. ಹ್ಯಾಂಡ್ ಬ್ರೇಕ್ ಕಿರ್ರೆಂದಿತು. ಗೋಡೆಗೆ ಗೇಣಷ್ಟು ದೂರದಲ್ಲಿ ಮೂತಿ ನಿಂತಿತು.

ಗಂಡ ಇಳಿದು ಬಂದು ಮೆಟ್ಟಿಲ ಮೇಲೆ ಕುಕ್ಕರಿಸಿದ. ಎಂಥೆಂಥ ಘಾಟಿ ಹತ್ತಿಸಿ ಇಳಿಸಿದ ಕೈಗಳು, ಮೊಣಕಾಲ ಮೇಲೆ ಬಿದ್ದಿದ್ದವು. "ಟನ್‌ಗಟ್ಲೆ ಲೋಡ್ ಹೊತ್ತು ಊರೂರು ಸುತ್ತಿದೀನಿ. ಇವತ್ತು ಒಂದು ಹಿಡಿ ಮಗೂನ ಹೊತ್ಕೊಂಡು ಹೋಗೋಕಾಗ್ತಿಲ್ಲ ನಂಗೆ" ಎಂದ.

ತಕ್ಕಡಿ ಹೋಗಿ ಅವನ ಕೂದಲಿನ ಮಣ್ಣು ಕೊಡವಿದಳು.

ಅಷ್ಟು ಹೊತ್ತು ಮಗುವಿನ ಬೆನ್ನು ತಟ್ಟುತ್ತಾ ಅಂಗಳದಲ್ಲಿ ಓಡಾಡುತ್ತಿದ್ದ ಅತ್ತೆಗೆ ಈಗ ಸಿಟ್ಟು ಬಂತು. "ಅಲ್ವೋ, ನಿಮ್ಮಣ್ಣ ಸೆಲ್ಲು ಹೋಗಿದೆ ಅಂತಾನೆ, ನೀನು ಗಾಡಿ ಅಡಿ ಮಲಗಿ ಕುಟ್ತೀಯ. ನಮ್ಮ ಗೋಡೆ ಗಡಿಯಾರ ನಿಂತಾಗ ಹೀಗೇ ಕುಟ್ಟಿದ್ಯಾ?"

"ಅಮ್ಮಾ, ಸೆಲ್ಲಲ್ಲ. ಸೆಲ್ಫು. ಫು!"

"ಯಾರು ಫು ಅಂದಿದ್ದು? ನಾನೇನು ಕಿವುಡೀನಾ? ಅವನು ಫೂ ಅನ್ಲಿಲ್ಲ, ಗೀ ಅನ್ಲಿಲ್ಲ. ಸೆಲ್ಲು ಅಂದ."

"ಕಾರಿಗೆ ಎಲ್ಲಮ್ಮ ಸೆಲ್ಲು? ಅದೇನು ಆಟದ ಸಾಮಾನಾ?"

ಹಾಲಿನವನು ನಗು ತಡೆದುಕೊಂಡ. ತಕ್ಕಡಿ ನಗಲಿಲ್ಲ. ಆ ಮಾತನ್ನು ಎತ್ತಿ ನೋಡುತ್ತಿದ್ದಳು. ಅತ್ತೆಗೆ ಸೆಲ್ಫ್ ಎಂದರೇನೆಂದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕಿವಿ ಸೇರಿಸಿಕೊಳ್ಳುವುದೂ ಇಲ್ಲ. ಗಂಡನ ತಲೆಯಲ್ಲಿ ಸೆಲ್ಫ್ ಮೊದಲೇ ಕೂತಿತ್ತು. ರೈಲಿನ ಸದ್ದು ನುಂಗಿದ್ದು ಅದನ್ನೇ ಎಂದುಕೊಂಡ. ಭಾವ ಕೊನೆಗೆ ಅಂದದ್ದೇನು? ಆ ಕೀನ...

ಅವಳು ಕಾರಿನೊಳಗೆ ಬಗ್ಗಿ ಗುಂಡಿ ಒತ್ತಿದಳು. ಈ ಸಲ ಕಣ್ಣು ಮಿಟುಕಿಸದೆ ನೋಡಿದಳು. ಹಳದಿಯಾಗಿ ಮಿನುಗಿದ್ದು ಒಂದು ಪುಟ್ಟ ಕೀಯ ಚಿತ್ರ.

"ರೀ, ಕಾರಿಗಲ್ಲ. ಕೀಗೆ! ಕೀ ಒಳಗೆ ಸೆಲ್ ಇದೆ!" ಕೀ ಮೇಲಿನ ಬೀಗದ ಗುಂಡಿ ಒತ್ತಿ ತೋರಿಸಿದಳು. ಬಾಗಿಲು ಟಕ್ಕೆನ್ನಲಿಲ್ಲ. ನಿನ್ನೆ ಸಂಜೆ ಅಂಗಳದೊಳಗೇ ಇದೆಯಲ್ಲ ಎಂದು ಯಾರೂ ಕಾರಿಗೆ ಬೀಗ ಹಾಕಿರಲಿಲ್ಲ. ಹಾಕಲು ಹೋಗಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಅಡುಗೆಮನೆಯ ಚಾಕುವಿನ ತುದಿಯಿಂದ ಮೀಟಿದಾಗ ಕೀ ಚಿಪ್ಪಿನಂತೆ ಬಾಯಿ ಬಿಟ್ಟಿತು. ಒಳಗೆ ನಾಣ್ಯದಂಥ ತೆಳುವಾದ ಸೆಲ್. ಅತ್ತೆ ಗೋಡೆ ಗಡಿಯಾರ ಇಳಿಸಲು ಹೊರಟರು. ಅದರದು ಪೆನ್ಸಿಲ್ ಸೆಲ್. ಟಾರ್ಚಿನದು ಇನ್ನೂ ದಪ್ಪ. "ಅಂಗಡಿ ತೆಗೆಯೋದು ಇನ್ನೂ ಎಷ್ಟೊತ್ತಿಗೋ" ಎಂದ ಹಾಲಿನವನು.

ತಕ್ಕಡಿ ಆ ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಇದೇ ಗಾತ್ರ, ಇದೇ ತೂಕ. ಈ ಕೈ ಇದನ್ನು ಮೊದಲೇ ಹಿಡಿದಿದೆ. ಹೋದ ತಿಂಗಳು ಒಂದು ಬೆಳಿಗ್ಗೆ ತೂಕದ ಯಂತ್ರ ಕಪ್ಪಾಗಿ ಕೂತಾಗ, ಹತ್ತಿಯ ತೂಕ ತಿಳಿಯದೆ ಇಡೀ ದಿನ ಒದ್ದಾಡಿ, ಅಂಗಡಿ ಅಂಗಡಿ ಅಲೆದು ತಂದು ಹಾಕಿದ್ದು.

ಅವಳು ಒಳಗೆ ಓಡಿದಳು. ಮಲಗುವ ಕೋಣೆಯ ಮೂಲೆಯಲ್ಲಿ ಗಾಜಿನ ಹಲಗೆ ಎಂದಿನಂತೆ ಕಾದು ಕೂತಿತ್ತು. ಹೊರಡುವ ಗಡಿಬಿಡಿಯಲ್ಲಿ ಇವತ್ತು ಮಗುವನ್ನು ತೂಗಿರಲಿಲ್ಲ. ಸೆಲ್ ತೆಗೆದರೆ ತೂಗುವ ಹಾಗೂ ಇಲ್ಲ. ಒಂದೇ ಒಂದು ಗಳಿಗೆ ಕೈ ಹಿಂಜರಿಯಿತು. ಆಮೇಲೆ ಅದನ್ನು ದೋಸೆಯಂತೆ ಮಗುಚಿ ಹಾಕಿ, ಹಿಂಬದಿಯ ಮುಚ್ಚಳ ಕಿತ್ತಳು. ಸೆಲ್ಲಿನ ಮೇಲಿನ ನಂಬರೂ ಅದೇ.

ಕೀ ಮುಚ್ಚಿ ಗಂಡನ ಕೈಗಿಟ್ಟಳು. ಅವನು ಕೂತು, ಅಣ್ಣ ಹೇಳಿದಂತೆ ಜೇಬಿಗೆ ಹಾಕದೆ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಲಗೈಯಿಂದ ಗುಂಡಿ ಒತ್ತಿದ.

ಕಾರು ಗುಡುಗಿತು. ನಿಜವಾಗಿ ಅದು ಗುಡುಗುವ ಕಾರಲ್ಲ, ಮೆತ್ತಗೆ ಗುಂಯ್‌ಗುಡುವಂಥದ್ದು. ಆದರೆ ಆ ಅಂಗಳದಲ್ಲಿದ್ದವರಿಗೆ ಕೇಳಿದ್ದು ಹಾಗೆಯೇ. ಹಾಲಿನವನು ಗೇಟ್ ಪೂರ್ತಿ ತೆರೆದು ಹಿಡಿದ. "ಹತ್ರಿ ಅತ್ತೆ, ಹತ್ರಿ!" ಎಂದಳು ತಕ್ಕಡಿ.

ದಾರಿಯಲ್ಲಿ ಹತ್ತಿ ಅತ್ತು ಅತ್ತು ಸುಸ್ತಾಗಿ, ಅಜ್ಜಿಯ ಬೆರಳು ಚೀಪುತ್ತಾ ಕಣ್ಣು ಮುಚ್ಚಿದಳು. ತಕ್ಕಡಿ ಒಮ್ಮೆ ಅವಳ ತುಟಿ ನೋಡುವಳು, ಒಮ್ಮೆ ಫಲಕದ ಗಡಿಯಾರ ನೋಡುವಳು. ರೈಲ್ವೆ ಗೇಟೊಂದು ಅವರ ಕಣ್ಣೆದುರೇ ಇಳಿಯತೊಡಗಿತು. ಗಂಡ ನಿಲ್ಲಿಸಿದ, ರೈಲು ಹಾದುಹೋಗುವ ತನಕ ಸ್ಟಿಯರಿಂಗನ್ನು ಕತ್ತು ಹಿಸುಕುವಂತೆ ಹಿಡಿದುಕೊಂಡೇ ಇದ್ದ.

ಊರು ಹತ್ತಿರವಾದಾಗ ಭಾವನ ಫೋನ್ ಬಂತು. "ಹೊರಟ್ರಾ? ಕೀ ಸೆಲ್ ಹೋಗಿತ್ತು ಅಲ್ವಾ? ಕೀನ ಆ ಗುಂಡಿಗೇ ತಾಗಿಸಿ ಒತ್ತಿದ್ರೆ ಸೆಲ್ ಇಲ್ದಿದ್ರೂ ಸ್ಟಾರ್ಟ್ ಆಗುತ್ತೆ ಕಣೋ. ಅದನ್ನೇ ಹೇಳೋಕೆ ಹೋದೆ, ಸುರಂಗ ಬಂದ್ಬಿಡ್ತು."

ಅತ್ತೆ ಫೋನಿನ ಕಡೆ ಬಗ್ಗಿ ಕೇಳಿದರು. "ಲೋ ದೊಡ್ಡವನೇ, ನೀನು ಅಂದಿದ್ದು ಸೆಲ್ಲೋ, ಸೆಲ್ಫೋ?"

"ಸೆಲ್ಲು ಅಮ್ಮ."

"ಹ್ಞಾಂ. ಇಡು." ಮಗನ ತಲೆಯ ಹಿಂಬದಿಯನ್ನೇ ನೋಡುತ್ತಾ ಸೀಟಿಗೆ ಒರಗಿದರು.

ಆಸ್ಪತ್ರೆಯ ಮೆಟ್ಟಿಲನ್ನು ತಕ್ಕಡಿ ಓಡುತ್ತಲೇ ಹತ್ತಿದಳು. ನರ್ಸ್ ಗೋಡೆಯ ಕಡೆ ನೋಡಿ, "ಈಗ ಬರ್ತಿದೀರಾ? ಇನ್ನೊಂದು ಮಗೂನ ರೆಡಿ ಮಾಡೋಕೆ ಹೇಳೋದ್ರಲ್ಲಿದ್ದೆ" ಎಂದಳು. ಗಡಿಯಾರದ ಚಿಕ್ಕ ಮುಳ್ಳು ಒಂಬತ್ತರ ಹತ್ತಿರವಿತ್ತು, ದೊಡ್ಡ ಮುಳ್ಳು ಹನ್ನೆರಡನ್ನು ಇನ್ನೂ ಮುಟ್ಟಿರಲಿಲ್ಲ. "ಬನ್ನಿ ಬನ್ನಿ. ಏನೂ ಕೊಟ್ಟಿಲ್ಲ ತಾನೇ? ಬೆಳಿಗ್ಗೆ ತೂಕ ನೋಡಿದ್ರಾ?"

"ಇಲ್ಲ ಸಿಸ್ಟರ್. ತೂಕದ ಯಂತ್ರದ ಸೆಲ್ಲು ಕಾರಿನ ಕೀಯಲ್ಲಿದೆ."

ನರ್ಸ್‌ಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಮಗುವಿಗೆ ಕೈ ನೀಡಿದಳು. ತಕ್ಕಡಿ ಹತ್ತಿಯನ್ನು ಒಮ್ಮೆ ಎದೆಗೊತ್ತಿಕೊಂಡು, ತುಸುವೇ ಮೇಲಕ್ಕೆತ್ತಿ ಹಿಡಿದಳು. ತೋಳು ತನಗೆ ಗೊತ್ತಿದ್ದನ್ನು ಹೇಳಿತು. "ನಿನ್ನೆಗಿಂತ ಒಂಚೂರು ಕಮ್ಮಿ ಇದಾಳೆ. ಹಸಿದಿದಾಳೆ ಅಷ್ಟೇ" ಎಂದು ಕೊಟ್ಟಳು. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ಎಷ್ಟೋ ಹೊತ್ತಿನ ಮೇಲೆ ಗಂಡ ಅಂಗೈ ಬಿಚ್ಚಿ ನೋಡಿದ. ಕೀ ಇನ್ನೂ ಅಲ್ಲೇ ಇತ್ತು, ಬೆವರಿನಲ್ಲಿ ಒದ್ದೆಯಾಗಿ.

"ಇದ್ರೊಳಗಿಂದು ನಿನ್ನ ಸೆಲ್ಲು. ತೆಗೆದು ಕೊಡ್ಲಾ?"

ಅವಳು ಬಾಗಿಲಿನ ಮೇಲಿಟ್ಟ ಕಣ್ಣು ತೆಗೆಯದೆ, ಅವನ ಬೆರಳುಗಳನ್ನು ಮತ್ತೆ ಕೀಯ ಸುತ್ತ ಮಡಚಿದಳು.

"ಅದ್ರಲ್ಲೇ ಇರ್ಲಿ. ವಾಪಸ್ ಹೋಗೋವಾಗ ಬೇಕಲ್ವಾ" ಎಂದಳು.