ಒಬ್ಬರೇ ಎಂಬ ಬಟನ್

ನಮ್ಮತ್ತಿಗೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿರ್ತಾರೆ" ಎಂದು ಹೇಳಿ ನಾನು ಕೈತೊಳೆದುಕೊಳ್ಳುತ್ತಿದ್ದೆ. ಬಿಡಿಸಿ ಹೇಳಲು ಹೋದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಅಸಲಿಗೆ ಕೆಲಸ ಇಷ್ಟೇ. ಆ ದೊಡ್ಡ ಆಸ್ಪತ್ರೆ ಸುತ್ತಲಿನ ಊರುಗಳ ಹಳೆಯ ಕ್ಲಿನಿಕ್ಕುಗಳನ್ನೆಲ್ಲ ಕೊಂಡುಕೊಂಡಿತು. ಅಲ್ಲಿ ಧೂಳು ತಿನ್ನುತ್ತಿದ್ದ ರೋಗಿಗಳ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದರು. ಹಾಗೆ ತುಂಬಿಸಿದ್ದೇ ಫಜೀತಿ ಶುರುವಾಯಿತು. ಒಬ್ಬನೇ ಮನುಷ್ಯ ಒಂದು ಕಡೆ ಹಲ್ಲುನೋವಿಗೆ, ಇನ್ನೊಂದು ಕಡೆ ಮೊಣಕಾಲಿಗೆ, ಮತ್ತೊಂದು ಕಡೆ ಹೆಂಡತಿಗೆ ಗೊತ್ತಾಗದ ಕಾಯಿಲೆಗೆ ಬೇರೆ ಬೇರೆ ಹೆಸರು ಬರೆಸಿ ಹೋಗಿರುತ್ತಾನಲ್ಲ. ಅಂಥವರನ್ನು ಹುಡುಕಿ ಜೋಡಿ ಮಾಡಲು ಒಂದು ಸಾಫ್ಟ್‌ವೇರ್ ತಂದರು. ಅದು ಎರಡು ದಾಖಲೆಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಕೇಳುತ್ತದೆ: ಇವರಿಬ್ಬರೂ ಒಬ್ಬರೇನಾ? ಕೆಳಗೆ ಎರಡು ಬಟನ್. ಒಬ್ಬರೇ, ಬೇರೆ ಬೇರೆ.

ಅತ್ತಿಗೆ ಇಡೀ ದಿನ ಆ ಪ್ರಶ್ನೆಗೆ ಉತ್ತರ ಕೊಡುತ್ತ ಕೂರುತ್ತಿದ್ದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಾಗಾರದ ಪಕ್ಕದ ಕೋಣೆ. ಕಿಟಕಿ ಇಲ್ಲ. ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು, ಗೋಡೆಯಾಚೆ ಫ್ರೀಜರಿನ ಸದ್ದು. "ಅದು ನಿಂತರೆ ಮಾತ್ರ ಹೆದರಿಕೆ ಆಗುತ್ತೆ ನೋಡು" ಎಂದು ನಗುತ್ತಿದ್ದರು.

ನಾನು ಅವರ ನಾದಿನಿ. ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಬಾಯಿ ದೊಡ್ಡದು ಎಂಬುದು ನಮ್ಮಣ್ಣನ ಹಳೆಯ ದೂರು. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ ಬಿಟ್ಟು ಬೇರೆ ಯಾರ ಜೊತೆಗೂ ಹೆಚ್ಚು ಮಾತಾಡುವವನಲ್ಲ. ಮನೆಯಲ್ಲಿ ನಾಲ್ಕನೆಯವರು ಅತ್ತಿಗೆಯ ತಾಯಿ. ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಇಲ್ಲಿಗೇ ಬಂದರು. ದಿನಕ್ಕೆ ನೂರು ಸಲ "ಚಿನ್ನೂ" ಎಂದು ಮಗಳನ್ನು ಕರೆಯುವುದೇ ಅವರಿಗೆ ಉಸಿರಾಟ. ನೀರು ಬೇಕಾದರೂ ಚಿನ್ನೂ, ಏನೂ ಬೇಡವಾದರೂ ಚಿನ್ನೂ. ಒಂದೇ ಮಗಳು, ಹಾಗಾಗಿ ಕರೆಯುತ್ತಾರೆ ಎಂದುಕೊಂಡಿದ್ದೆವು.

ಅತ್ತಿಗೆಯ ಕೆಲಸಕ್ಕೊಂದು ವಿಚಿತ್ರ ಪದ್ಧತಿ ಇತ್ತು. ಅಲ್ಲಿ ಹೆಸರನ್ನು ಕೊನೆಗೆ ಓದಬೇಕು. ಹೊಸದಾಗಿ ಸೇರಿದವರು ಮೊದಲು ಹೆಸರನ್ನೇ ನೋಡಿ ಮೋಸ ಹೋಗುತ್ತಾರಂತೆ. "ಹೆಸರಿನಷ್ಟು ಸುಳ್ಳು ಹೇಳೋದು ಇನ್ಯಾವುದೂ ಇಲ್ಲ ಕಣೇ. ಮನೇಲಿ ಕರೆಯೋದೊಂದು, ಬರೆಸೋದೊಂದು. ಹುಟ್ಟಿದ ದಿನ ನೋಡು, ತಾಯಿ ಯಾರು ನೋಡು, ರಕ್ತದ ಗುಂಪು ನೋಡು, ಮೈಮೇಲಿನ ಗುರುತು ನೋಡು. ಗಾಯ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಅವಳಿ ಮಕ್ಕಳ ವಿಷಯದಲ್ಲಿ ಮಾತ್ರ ಆ ಯಂತ್ರ ಪದೇ ಪದೇ ಬೇಸ್ತು ಬೀಳುತ್ತಿತ್ತು. ಹುಟ್ಟಿದ ದಿನ ಒಂದೇ, ತಾಯಿ ಒಬ್ಬಳೇ, ವಿಳಾಸವೂ ಅದೇ. ಅವಳಿಗಳು ಬಂದಾಗಲೆಲ್ಲ ಇವರು ನಕ್ಕು 'ಬೇರೆ ಬೇರೆ' ಒತ್ತಿ ಮುಂದೆ ಹೋಗುತ್ತಿದ್ದರು.

ಆ ಬುಧವಾರ ಊಟ ಮುಗಿಸಿ ಬಂದು ಕೂತಾಗ ಅತ್ತಿಗೆಯ ಕೈ ಚುರುಕಾಗಿತ್ತಂತೆ. ಒಂದು ಜೋಡಿ ಬಂತು. ಎಡಗಡೆ ನಡುವಯಸ್ಸಿನ ಹೆಂಗಸಿನ ಈಗಿನ ದಾಖಲೆ, ಬಲಗಡೆ ಹಳೆಯ ಮಕ್ಕಳ ಕ್ಲಿನಿಕ್ಕಿನ ಒಂದು ಕಾರ್ಡು. ಹೊಂದಿದ ಕಡೆಯೆಲ್ಲ ಯಂತ್ರ ಹಾಕುವ ಹಸಿರು ಗುರುತನ್ನಷ್ಟೇ ನೋಡುತ್ತ ಹೋದರು. ಹುಟ್ಟಿದ ದಿನ ಸರಿ. ತಾಯಿ ಸರಿ. ರಕ್ತ ಸರಿ. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು, ಎರಡರಲ್ಲೂ ಇದೆ. 'ಒಬ್ಬರೇ' ಒತ್ತಿದರು. ಒತ್ತಿದ ಮೇಲೆ, ಅಭ್ಯಾಸದಂತೆ, ಹೆಸರಿನ ಮೇಲೆ ಕಣ್ಣಾಡಿಸಿದರು.

ಎಡಗಡೆ ಇದ್ದದ್ದು ಅವರದೇ ಹೆಸರು. ಆಸ್ಪತ್ರೆಯ ನೌಕರರಿಗೆಲ್ಲ ಮಾಡಿಸಿದ ತಪಾಸಣೆಯ ದಾಖಲೆ ಅದು. ಬಲಗಡೆಯ ಕಾರ್ಡಿನಲ್ಲಿ ಮಗುವನ್ನು ಕರೆಯುವ ಹೆಸರು ಮುದ್ದು ಎಂದಿತ್ತು. ಅದರ ಕೊನೆಯ ಸಾಲಿನಲ್ಲಿ, ಮೂರನೇ ವಯಸ್ಸಿಗೆ, ಜ್ವರದಿಂದ, ಮೃತ.

ಎರಡೂ ಸೇರಿ ಒಂದಾದದ್ದೇ ಆ ಕೊನೆಯ ಸಾಲು ಮೇಲಕ್ಕೆ ಬಂತು. ಆಗಷ್ಟೇ ತೆರೆದುಕೊಂಡ ಅತ್ತಿಗೆಯ ನಗುಮುಖದ ಫೋಟೋದ ಮೇಲೆ ಬೂದು ಬಣ್ಣದ ಪಟ್ಟಿ: ಮೃತ. ಪಕ್ಕದ ಕುರ್ಚಿಯವಳು ಬಗ್ಗಿ ನೋಡಿ, "ಅಯ್ಯೋ, ಇನ್ಮೇಲೆ ನಿಮಗೆ ಸಂಬಳ ಬರುತ್ತೋ ಇಲ್ವೋ!" ಎಂದು ಕಿಸಕ್ಕನೆ ನಕ್ಕಳು. ಆಮೇಲೆ ಸಮಾಧಾನ ಹೇಳಿದಳು. "ಅವಳಿ ಇರ್ಬೇಕು ಬಿಡಿ. ವಾಪಸ್ ತೆಗೆದು ಬೇರೆ ಬೇರೆ ಮಾಡಿಬಿಡಿ."

"ನಾನು ಒಬ್ಬಳೇ ಮಗಳು" ಎಂದರು ಅತ್ತಿಗೆ.

ಆ ವಾರ ಸೇರಿದ್ದನ್ನು ವಾಪಸ್ ತೆಗೆಯಲು ಶುಕ್ರವಾರ ಸಂಜೆಯವರೆಗೆ ಅವಕಾಶ. ಆಮೇಲೆ ಬೀಗ ಬಿದ್ದುಬಿಡುತ್ತದೆ, ದೇವರೇ ಬಂದರೂ ಬಿಡಿಸಲಾರ. ಅತ್ತಿಗೆ ವಾಪಸ್ ತೆಗೆಯಲಿಲ್ಲ. ತಮ್ಮ ದಾಖಲೆಯನ್ನು ಬುಡದಿಂದ ಬಿಚ್ಚಿ ಓದಿದರು. ಅದರೊಳಗೆ ಅದೇ ಕ್ಲಿನಿಕ್ಕಿನ ಇನ್ನೊಂದು ಹಳೆಯ ಕಾರ್ಡು ಸೋಮವಾರವೇ ಸೇರಿಕೊಂಡಿತ್ತು. ಬರೆಸಿದ ಹೆಸರು ಹೊಂದಿಕೆಯಾಗಿದೆ ಎಂದು ಯಂತ್ರ ಯಾರನ್ನೂ ಕೇಳದೆ ತಾನೇ ಸೇರಿಸಿಕೊಂಡದ್ದು. ಅದರಲ್ಲಿ ಮಗುವನ್ನು ಕರೆಯುವ ಹೆಸರು ಚಿನ್ನು.

ಸಂಜೆ ನೇರ ನನ್ನ ಅಂಗಡಿಗೆ ಬಂದರು. ಕತ್ತರಿಸಿಟ್ಟ ಬಟ್ಟೆಯ ಮೇಲೆಯೇ ಕೂತರು. ನಾನು ರೇಗಲಿಕ್ಕೆ ಬಾಯಿ ತೆರೆದವಳು ಅವರ ಮುಖ ನೋಡಿ ಹೊಲಿಗೆ ಮಿಷನ್ ನಿಲ್ಲಿಸಿದೆ.

"ಚಿನ್ನು, ಮುದ್ದು, ಇಬ್ಬರನ್ನೂ ಒಂದೇ ದಿನ ತೂಕ ಮಾಡ್ಸಿದಾರೆ. ಚುಚ್ಚುಮದ್ದೂ ಒಂದೇ ದಿನ" ಎಂದರು. "ಒಂದು ಅತ್ತರೆ ಇನ್ನೊಂದೂ ಅಳುತ್ತದೆ ಅಂತ ನರ್ಸ್ ಬರೆದಿದಾಳೆ. ಮುದ್ದು ಬಿದ್ದು ಹುಬ್ಬು ಒಡ್ಕೊಂಡಿದ್ದು. ಹೊಲಿಗೆ ಹಾಕಿದ್ದು ಮುದ್ದುಗೆ. ಚಿನ್ನುಗಲ್ಲ."

ನನ್ನ ಕಣ್ಣು ತಾನಾಗಿಯೇ ಅವರ ಎಡ ಹುಬ್ಬಿಗೆ ಹೋಯಿತು. ಕೂದಲು ಬೆಳೆಯದ ಸಣ್ಣ ಗೆರೆ. ಮದುವೆಯ ದಿನ ಅದರ ಮೇಲೆ ಕಾಡಿಗೆ ತೀಡಿದವಳೇ ನಾನು. ಹೊಲಿಯುವವಳು ನಾನು, ಹೊಲಿಗೆ ಬಿದ್ದ ಜಾಗ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಕ್ಲಿನಿಕ್‌ನವರು ತಪ್ಪು ಬರೆದಿರ್ತಾರೆ ಬಿಡಿ ಅತ್ತಿಗೆ."

"ಇನ್ನೊಂದು ಕೇಳು. ಮುದ್ದು ಸತ್ತ ಸ್ವಲ್ಪ ದಿನಕ್ಕೆ ಚಿನ್ನುನ ಡಾಕ್ಟರ ಹತ್ರ ಕರ್ಕೊಂಡು ಹೋಗಿದಾರೆ. ಡಾಕ್ಟರ್ ಏನು ಬರೆದಿದಾರೆ ಗೊತ್ತಾ? ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುವುದಿಲ್ಲ. ಕಿವಿ ಪರೀಕ್ಷಿಸಿದೆ, ಚೆನ್ನಾಗಿದೆ."

ಹೊರಗೆ ಇನ್ನೂ ಬೆಳಕಿತ್ತು, ರಸ್ತೆಯಲ್ಲಿ ಸೈಕಲ್ಲುಗಳು ಓಡಾಡುತ್ತಿದ್ದವು. ಆದರೂ ನಾನು ಎದ್ದು ಅಂಗಡಿಯ ಬಾಗಿಲು ಹಾಕಿದೆ. ಒಳಗಿನಿಂದ ಅಜ್ಜಿಯ ದನಿ ಬಂತು. "ಚಿನ್ನೂ, ಬಂದ್ಯಾ?"

ಅತ್ತಿಗೆ ತಕ್ಷಣ "ಬಂದೆ ಅಮ್ಮ" ಎಂದರು. ಅಂದವರೇ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು.

ಅಜ್ಜಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಅತ್ತಿಗೆ ಸುತ್ತಿ ಬಳಸಿ ಮಾತಾಡುವವರಲ್ಲ. ಎದುರು ನಿಂತು ಕೇಳಿಯೇಬಿಟ್ಟರು. "ಅಮ್ಮ, ಮುದ್ದು ಯಾರು?"

ಅಜ್ಜಿಯ ಕೈ ನಿಲ್ಲಲಿಲ್ಲ. ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕಿವುಡು ನಟಿಸುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಆಮೇಲೆ, ತಲೆ ಎತ್ತದೆಯೇ ಹೇಳಿದರು.

"ನೀನು."

ಅಜ್ಜಿಯೇ ಮುಂದುವರಿಸಿದರು. ಈಗಷ್ಟೇ ಆದದ್ದನ್ನು ಹೇಳುವ ಹಾಗೆ ಹೇಳಿದರು.

"ಇಬ್ಬರಿಗೂ ಜ್ವರ. ಕ್ಲಿನಿಕ್ಕಲ್ಲಿ ಒಂದೇ ಮಂಚದ ಮೇಲೆ ಮಲಗಿಸಿದ್ರು. ಇಬ್ಬರ ಹಣೆ ಮೇಲೂ ಕಣ್ಣಿನವರೆಗೆ ಒದ್ದೆ ಬಟ್ಟೆ. ನಂಗೂ ಮೈ ಕೆಂಡ ಆಗಿತ್ತು, ಕಣ್ಣು ಬಿಡೋಕಾಗ್ತಿರಲಿಲ್ಲ. ಬೆಳಿಗ್ಗೆ ನರ್ಸ್ ಬಂದು, ಗೋಡೆ ಕಡೆ ಮಗು ಹೋಯ್ತಮ್ಮ, ಇದರ ಹೆಸರೇನು ಅಂದಳು. ಗೋಡೆ ಕಡೆ ಮಲಗೋಳು ಯಾವಾಗಲೂ ಮುದ್ದು. ಮುದ್ದು ಅಂದೆ. ಜಾಗ ಬದಲಾಗಿತ್ತು ಅಂತ ನಂಗೇನು ಗೊತ್ತು? ಎಲ್ಲಾ ಮುಗಿದ ಮೇಲೆ ಮನೇಲಿ ನಿನ್ನ ಮುಖ ತೊಳೆಸುವಾಗ ಹುಬ್ಬು ಕಂಡಿತು."

"ಆಗಲೇ ಹೇಳಬಹುದಿತ್ತಲ್ಲ, ಅಮ್ಮ."

"ನಿಮ್ಮಪ್ಪಂಗೆ ಚಿನ್ನು ಅಂದ್ರೆ ಜೀವ. ಚಿನ್ನು ಉಳಿದಳಲ್ಲ, ಅಷ್ಟೇ ಸಾಕು ಅಂತ ಗೋಡೆಗೆ ತಲೆ ಚಚ್ಕೊಳ್ಳೋದು ಬಿಟ್ಟಿದ್ರು. ಅವರ ಹತ್ರ ಹೋಗಿ, ಇಲ್ಲಾ ರೀ, ಹೋಗಿದ್ದು ಅವಳೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವರು ಹುಬ್ಬು ನೋಡಿ ಕೇಳಿದ್ದಕ್ಕೆ, ಜ್ವರದಲ್ಲಿ ಚಿನ್ನೂನೂ ಮಂಚದಿಂದ ಬಿದ್ದಳು ಅಂದೆ. ನಿನ್ನ ಚಿನ್ನು ಅಂತ ಕರೆದೆ. ನೀನು ತಿರುಗ್ತಿರಲಿಲ್ಲ. ದಿನಾ ಕರೆದೆ. ಒಂದು ದಿನ ತಿರುಗಿದೆ. ಮುದ್ದುನ ಕೇಳೋರು ಇರಬಾರದು ಅಂತ ಆ ಊರೇ ಬಿಡಿಸಿದೆ."

ಅಜ್ಜಿ ಮೊದಲ ಸಲ ಮಗಳ ಮುಖ ನೋಡಿದರು. ಆ ಕಣ್ಣಿನಲ್ಲಿ ಪಶ್ಚಾತ್ತಾಪ ಇರಲಿಲ್ಲ. ಏನೋ ಗುಟ್ಟಿನ ಸಂತೋಷವಿತ್ತು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿಯೇ.

"ನಾನು ಕರೆಯೋದು ಅವಳನ್ನ. ಬರೋದು ನೀನು. ಇಬ್ಬರೂ ಮನೇಲಿ ಇದ್ದ ಹಾಗೇ ಅಲ್ವಾ? ನಂಗೆ ಯಾರೂ ಹೋಗಿಲ್ಲ."

ಅತ್ತಿಗೆ ಅವರ ಪಕ್ಕ ಕೂತು ಆಫೀಸಿನ ವಿಷಯ ಎಲ್ಲ ಹೇಳಿದರು. ಈಗ ಪರದೆಯ ಮೇಲೆ ಇಬ್ಬರೂ ಒಂದಾಗಿದ್ದಾರೆ, ಶುಕ್ರವಾರ ಸಂಜೆ ಬೀಗ ಬೀಳುತ್ತದೆ ಎಂದರು. ಅಜ್ಜಿಗೆ ಕಂಪ್ಯೂಟರ್ ಅರ್ಥವಾಗದಿದ್ದರೂ ಆ ಮಾತು ಚೆನ್ನಾಗಿ ಅರ್ಥವಾಯಿತು. ಮಗಳ ಕೈ ಹಿಡಿದುಕೊಂಡರು. "ಹಾಗೇ ಇರಲಿ ಕಣೇ. ಬಿಡಿಸಬೇಡ. ನನ್ನ ಕಣ್ಣು ಮುಚ್ಚೋವರೆಗಾದ್ರೂ ಇಬ್ಬರೂ ಒಟ್ಟಿಗೆ ಇರಲಿ."

ಮರುದಿನ ಅತ್ತಿಗೆ ಕೆಲಸಕ್ಕೆ ಹೋದರು, ಬಂದರು, ಅಡುಗೆ ಮಾಡಿದರು. ಅಜ್ಜಿ ಕರೆದಾಗೆಲ್ಲ ಓಗೊಟ್ಟರು. ಆದರೆ ಓಗೊಡುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು, ಇನ್ನೊಬ್ಬರು ಉತ್ತರ ಕೊಡುತ್ತಾರೇನೋ ಎಂಬಂತೆ. ಅಣ್ಣನಿಗೂ ವಿಷಯ ಗೊತ್ತಾಯಿತು. "ನಾನು ಮದುವೆ ಆಗಿದ್ದು ಯಾರನ್ನ?" ಎಂದು ತಮಾಷೆ ಮಾಡಲು ಹೋಗಿ, ಅರ್ಧಕ್ಕೇ ಊಟ ಬಿಟ್ಟು ಕೈತೊಳೆಯಲು ಎದ್ದ. ನಾನು ಅತ್ತಿಗೆ ಎನ್ನುವವಳು, ನನಗೆ ಯಾವ ಹೆಸರಿಂದ ಕರೆಯಲಿ ಎಂಬ ತೊಂದರೆ ಇರಲಿಲ್ಲ. ಆದರೂ ಪಾತ್ರೆ ತೊಳೆಯುವಾಗ ಹೇಳಿದೆ. "ಅಜ್ಜಿ ಹೇಳಿದ ಹಾಗೆ ಬಿಟ್ಟುಬಿಡಿ ಅತ್ತಿಗೆ. ಯಾರಿಗೆ ಏನು ನಷ್ಟ?"

"ಅವಳಿಗೆ" ಎಂದರು ಅತ್ತಿಗೆ. "ಮಗು ಸತ್ತಿತು. ಅದಕ್ಕಾಗಿ ಯಾರೂ ಅಳಲಿಲ್ಲ ಕಣೇ. ಅತ್ತಿದ್ದೆಲ್ಲ ನನ್ನ ಹೆಸರಿಗೆ. ಅಪ್ಪ ನನ್ನ ಎತ್ತಿಕೊಂಡಾಗೆಲ್ಲ ಎತ್ತಿಕೊಂಡಿದ್ದು ಅವಳನ್ನ. ಅವಳ ಪಾಲಿನದೆಲ್ಲ ನಾನೇ ತಿಂದೆ. ಸತ್ತಿದ್ದನ್ನಾದ್ರೂ ಅವಳಿಗೆ ವಾಪಸ್ ಕೊಡಬೇಡ್ವಾ?" ನಲ್ಲಿ ನಿಲ್ಲಿಸುವುದು ಮರೆತಿದ್ದೆವು, ನೀರು ಹರಿಯುತ್ತಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಅವರು ಮಾಡಿದ್ದು ಪಕ್ಕದ ಕುರ್ಚಿಯವಳು ಹೇಳಿದ್ದನ್ನಲ್ಲ. ಮುದ್ದುವಿನ ಕಾರ್ಡನ್ನು ತಮ್ಮೊಳಗೇ ಉಳಿಸಿಕೊಂಡರು. ಆ ವಿಷಯದಲ್ಲಿ ಯಂತ್ರ ಹೇಳಿದ್ದೇ ಸರಿಯಾಗಿತ್ತು. ಚಿನ್ನುವಿನ ಕಾರ್ಡು ಮಾತ್ರ ಇವರದಾಗಿರಲಿಲ್ಲ. ಅದನ್ನು ಬಿಡಿಸಿ ಹೊರಗೆ ತೆಗೆದು, ಜ್ವರದ ನಂತರದ ಸಾಲುಗಳನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡು, 'ಮೃತ' ಎಂಬುದನ್ನು ತಮ್ಮ ಮೇಲಿಂದ ಅತ್ತ ಸರಿಸಿದರು. ಅವರ ಫೋಟೋದ ಮೇಲಿನ ಬೂದು ಪಟ್ಟಿ ಹೋಯಿತು. ಪಕ್ಕದಲ್ಲಿ ಫೋಟೋ ಇಲ್ಲದ ಒಂದು ಖಾಲಿ ಚೌಕದ ಮೇಲೆ ಬಂದು ಕೂತಿತು. ಸ್ವಂತ ಮನೆಯವರ ದಾಖಲೆ ಮುಟ್ಟಿದ್ದಕ್ಕೆ ಮೇಲಿನವರಿಂದ ಬೈಗುಳ ತಿಂದು, ಹೊತ್ತು ಮುಳುಗುವ ಮುಂಚೆಯೇ ಮನೆಗೆ ಬಂದರು.

ಅಣ್ಣ ಡಿಪೋದಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಅಂಗಡಿ ಬಿಟ್ಟು ಒಳಗೆ ಹೋದೆ. ಅತ್ತಿಗೆ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದರು. "ಬೇರೆ ಮಾಡಿದೆ ಅಮ್ಮ."

ಅಜ್ಜಿ ಕೇಳಿಸಿಕೊಂಡಂತೆ ಕಾಣಲಿಲ್ಲ. ದಿನಾ ಕರೆಯುವ ಹಾಗೆಯೇ ಕರೆದರು. "ಚಿನ್ನೂ."

ಅತ್ತಿಗೆ ಕೈಯಳತೆಯಲ್ಲೇ ಇದ್ದರು. ತುಟಿ ಬಿಚ್ಚಿಕೊಂಡದ್ದು ನನಗೆ ಕಂಡಿತು. ಜೀವಮಾನವೆಲ್ಲ ಓಗೊಟ್ಟ ದನಿ, ಸುಮ್ಮನಿರುವುದು ಸುಲಭವೇ? ನನ್ನ ಮುಂಗೈಯನ್ನು ಉಗುರು ಇಳಿಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಓಗೊಡಲಿಲ್ಲ.

"ಚಿನ್ನೂ" ಎಂದರು ಅಜ್ಜಿ ಮತ್ತೆ, ಈಗ ಬಾಗಿಲ ಕಡೆ ತಿರುಗಿ. ಅಣ್ಣ ಸರಿದು ದಾರಿ ಬಿಟ್ಟ. ಯಾಕೆ ಬಿಟ್ಟ ಎಂದು ಅವನಿಗೂ ಗೊತ್ತಿಲ್ಲ. ನಾವು ನಾಲ್ವರೂ ಆ ಬಾಗಿಲನ್ನೇ ನೋಡುತ್ತಿದ್ದೆವು. ಯಾರಾದರೂ "ಬಂದೆ" ಎಂದಿದ್ದರೆ ನಾನಂತೂ ಅಲ್ಲೇ ಕುಸಿದುಬೀಳುತ್ತಿದ್ದೆ.

ಯಾರೂ ಬರಲಿಲ್ಲ.

ಅಜ್ಜಿಯ ಮುಖ ನಿಧಾನವಾಗಿ ಮುದುಡಿತು. ಗಂಟಲಿನಿಂದ ಬಂದ ಸದ್ದು ವಯಸ್ಸಾದವರದ್ದಾಗಿರಲಿಲ್ಲ, ಎಳೆವಯಸ್ಸಿನ ತಾಯಿಯೊಬ್ಬಳದ್ದಿರಬೇಕು. ಎರಡೂ ಕೈ ಚಾಚಿ, ಅತ್ತಿಗೆಯ ತಲೆಯನ್ನು ತಡವಿ ಹುಡುಕಿ ಎದೆಗೊತ್ತಿಕೊಂಡು ಅತ್ತರು.

"ಮುದ್ದೂ, ಚಿನ್ನು ಹೋಗಿಬಿಟ್ಟಳಲ್ಲೇ!"