ಅಲುಗಾಡದ ಹಲಗೆ

ನನ್ನ ಸೋದರಮಾವ ಪೇಂಟರ್. ಗೇಟು, ಕಿಟಕಿ ಬಳಿಯುವ ಪೇಂಟರ್ ಅಲ್ಲ. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ತೂಗುಬಿಟ್ಟ ಹಲಗೆಯ ಮೇಲೆ ನಿಂತು ಬಳಿಯುವವರು. ಈ ವ್ಯತ್ಯಾಸ ಯಾರಾದರೂ ಮರೆತರೆ ಅವತ್ತು ಅವರಿಗೆ ಊಟ ರುಚಿಸುವುದಿಲ್ಲ. ನೆಲದ ಮೇಲೆ ದುಡಿಯುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಎನ್ನಿಸುತ್ತದೆ. ನಾನಂತೂ ದಿನವಿಡೀ ಕುರ್ಚಿಯಲ್ಲಿ ಕೂರುವವನು, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಇಂಥವರು ಒಂದು ಮಧ್ಯಾಹ್ನ ಹಲಗೆಯಿಂದ ಇಳಿದವರೇ ತಲೆಸುತ್ತಿ ಕೂತುಬಿಟ್ಟರು. ನೋಡಿದರೆ ಬಿಪಿ, ಸಕ್ಕರೆ ಎರಡೂ ಅವರಿಗಿಂತ ಮೇಲೆ ಹತ್ತಿ ಕೂತಿದ್ದವು. ಅವು ಇಳಿಯುವ ತನಕ ಹಲಗೆ ಹತ್ತುವಂತಿಲ್ಲ ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿ, ಬಳಿಯಲು ಗೇಟು ತೋರಿಸಿದ. ಡಾಕ್ಟರು ಮಾತ್ರೆಯ ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಬರೆದುಕೊಟ್ಟರು.

ಜಿಮ್ಮಿನಲ್ಲಿ ಪಾಠ ಹೇಳುವ ಹೆಂಗಸನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಆಕೆಗೆ ಒಂದು ಹುಚ್ಚು: ಗಟ್ಟಿ ಬೆಂಚಿನ ಮೇಲೆ ಕೂತು ಭಾರ ಎತ್ತಿದರೆ ಒಳ್ಳೆಯದೋ, ಗಾಳಿ ತುಂಬಿದ ದೊಡ್ಡ ಚೆಂಡು, ಓಲಾಡುವ ಮಣೆ ಇವುಗಳ ಮೇಲೆ ಎತ್ತಿದರೆ ಒಳ್ಳೆಯದೋ ಎಂದು ಹೋಲಿಸಿ ನೋಡುವುದು. ಚೀಟಿ ಎತ್ತಿಸಿ ಜನರನ್ನು ಎರಡು ಗುಂಪು ಮಾಡಿದಳು. ಮಾವನಿಗೆ ಬಂದದ್ದು ಬೆಂಚು. ಅವರು ತಪ್ಪಿಸಿಕೊಂಡು ಓಡದಂತೆ ಕಾಯಲು ಹೋಗಿದ್ದ ಅತ್ತೆಗೆ ಚೆಂಡು. ಜೀವಮಾನವಿಡೀ ತೂಗಾಡಿದ ಗಂಡ ಬೆಂಚಿಗೆ, ಹೊಲಿಗೆ ಮಿಷನ್ನಿನ ಮುಂದೆ ಕೂತ ಹೆಂಡತಿ ಚೆಂಡಿಗೆ! ಇದಕ್ಕಿಂತ ಅವಮಾನ ಬೇಕೆ?

ಮಾವ ಸುಮ್ಮನಿರುವ ಪೈಕಿ ಅಲ್ಲ. ತಾರಸಿಯ ಮೇಲೆ ಎರಡು ಬಣ್ಣದ ಡ್ರಮ್ಮುಗಳನ್ನು ಅಡ್ಡ ಮಲಗಿಸಿ, ಹಳೆಯ ಹಲಗೆ ಹಾಸಿ, ಅದರ ಮೇಲೆ ನಿಂತು ಎರಡೂ ಕೈಯಲ್ಲಿ ಬಣ್ಣದ ಬಕೆಟ್ ಎತ್ತತೊಡಗಿದರು. ಕಳ್ಳ ವ್ಯಾಯಾಮ. ಮೊದಲ ವಾರವೇ ಡ್ರಮ್ಮು ಉರುಳಿ ಧೊಪ್ಪನೆ ಬಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೆಟ್ಟಿಲಲ್ಲಿ ಕಾಲು ಉಳುಕಿತೆಂದು ಹೇಳಿದರು.

ಅತ್ತೆ ತಾರಸಿಗೆ ಹೋಗಿ ನೋಡಿದರು. ಬೈಯಲಿಲ್ಲ, ಬೈದರೆ ಬೇರೆ ಜಾಗ ಹುಡುಕುತ್ತಾರೆಂದು ಗೊತ್ತಿತ್ತು. ನನ್ನನ್ನು ಕರೆಸಿ ಇಟ್ಟಿಗೆ ಹೊರಿಸಿ, ಡ್ರಮ್ಮುಗಳ ಎರಡೂ ಬದಿಗೆ ಬಿಗಿಯಾಗಿ ಒತ್ತಿಟ್ಟು, ಮೇಲೆ ಗೋಣಿಚೀಲ ಮುಚ್ಚಿದರು. ಮಾವ ಗಮನಿಸಲಿಲ್ಲ. ಹಲಗೆಯ ಹತ್ತಿರ ಹೋದರೆ ಕೆಳಗೆ ನೋಡಬಾರದು ಎನ್ನುವುದು ಅವರ ಕಸುಬಿನ ಮೊದಲ ಪಾಠ. ಹತ್ತಿ ನಿಂತರು, ಹಲಗೆ ಅಲುಗಾಡಲಿಲ್ಲ. ಕಾಲು ಪಳಗಿತು ಎಂದುಕೊಂಡರು. ಆಮೇಲೆ ಅವರ ನಡಿಗೆಯೇ ಬದಲಾಯಿತು, ಮೀಸೆ ಒಂದು ಸುತ್ತು ಹೆಚ್ಚಿಗೆ ತಿರುವಿಕೊಂಡಿತು.

ಮೂರು ತಿಂಗಳಾದ ಮೇಲೆ ಟೀಚರಮ್ಮ ಎಲ್ಲರನ್ನೂ ಕೂರಿಸಿದಳು. ಬಿಪಿ, ಸಕ್ಕರೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇಳಿದಿದ್ದವು. ಬೆಂಚಿನವರು ಹೆಚ್ಚು ಭಾರ ಎತ್ತುತ್ತಿದ್ದರು, ಚೆಂಡಿನವರು ಒಂಟಿಕಾಲಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದರು, ಅಷ್ಟೆ. ಮಾವನಿಗೆ ತಡೆಯಲಾಗಲಿಲ್ಲ. ತಾನು ತಾರಸಿಯಲ್ಲಿ ಡ್ರಮ್ಮಿನ ಮೇಲೆ ನಿಂತು ಗುಟ್ಟಾಗಿ ಎರಡನ್ನೂ ಸಾಧಿಸಿದ್ದೇನೆಂದು ಎದ್ದು ನಿಂತು ಸಾರಿದರು. ಹೋಲಿಕೆಯೆಲ್ಲ ಹಾಳಾಯಿತೆಂದು ಟೀಚರಮ್ಮ ತಲೆಯ ಮೇಲೆ ಕೈ ಹೊತ್ತಳು.

"ಏನೂ ಹಾಳಾಗಿಲ್ಲಮ್ಮ," ಎಂದರು ಅತ್ತೆ. "ಡ್ರಮ್ಮಿಗೆ ನಾನು ಇಟ್ಟಿಗೆ ಕೊಟ್ಟಿದ್ದೆ. ಇವರು ಮನೇಲೂ ಬೆಂಚಿನ ಮೇಲೇ ಇದ್ದಿದ್ದು."

ಜಿಮ್ಮಿಗೆ ಜಿಮ್ಮೇ ನಕ್ಕಿತು. ಒಂಟಿಕಾಲಲ್ಲಿ ನಿಲ್ಲಿಸಿ ನೋಡಿದರೆ ಮಾವ ಅತ್ತೆಗಿಂತ ಮೊದಲೇ ವಾಲಿದರು. ಇಂಗು ತಿಂದ ಮಂಗನ ಮುಖ ಹೊತ್ತು ಮನೆಗೆ ಬಂದರು.

ಡಾಕ್ಟರ ಒಪ್ಪಿಗೆ ಸಿಕ್ಕಿ, ಮರುದಿನ ಮೇಸ್ತ್ರಿ ಹಲಗೆ ಇಳಿಬಿಟ್ಟ. ನಾನೂ ಅತ್ತೆಯೂ ಹೋಗಿದ್ದೆವು. ಇಷ್ಟು ದಿನ ಇದಕ್ಕಾಗಿ ಹಂಬಲಿಸಿದ ಮನುಷ್ಯ ಹತ್ತದೆ ನಿಂತರು. ಅವರ ಮುಖದಲ್ಲಿ ಭಯ ಕಂಡದ್ದು ನಾನು ಅವತ್ತೇ ಮೊದಲು.

"ಇಟ್ಟಿಗೆ ವಿಷಯ ನೀನು ಹೇಳಬಾರದಿತ್ತು ಕಣೇ," ಎಂದರು ಮೆಲ್ಲಗೆ.

ಮೂಲೆಯಲ್ಲಿ ಮೊಳೆಗೆ ನೇತುಹಾಕಿದ್ದ ಸುರಕ್ಷಾ ಬೆಲ್ಟನ್ನು ಅತ್ತೆ ತಂದರು. ಹೊಸಬರಿಗಷ್ಟೇ ಎಂದು ಮಾವ ಒಂದು ದಿನವೂ ಮುಟ್ಟದ್ದು ಅದು.

"ಹೇಳದೇ ಇದ್ದಿದ್ರೆ ನೀವು ಇದನ್ನ ಕಟ್ಕೋತಾ ಇದ್ರಾ?"

ಮಾವ ಸೊಂಟ ಮುಂದೆ ಮಾಡಿ ನಿಂತರು. ಅತ್ತೆ ಬೆಲ್ಟು ಬಿಗಿದು, ಕೊಕ್ಕೆಯನ್ನು ತಾವೇ ಹಗ್ಗಕ್ಕೆ ಸಿಕ್ಕಿಸಿ ಎಳೆದು ನೋಡಿದರು. ಆಮೇಲೆ ಮಾವ ಹಲಗೆ ಹತ್ತಿದರು.