ಹನ್ನೆರಡು ಪದಗಳ ಪಾಲುಪಾರಿಕತ್ತು

ನನ್ನ ಹೆಸರು ಚೆಲುವಯ್ಯ. ಹೆಸರಿಟ್ಟ ಸೋದರತ್ತೆ ತೊಟ್ಟಿಲೊಳಗೆ ಇಣುಕದೆ ದೂರದಿಂದಲೇ ಕೂಗಿಬಿಟ್ಟಳೆಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ನನ್ನ ಐವತ್ತೈದು ವರ್ಷದ ಬಾಳಿನಲ್ಲಿ ಶಾಸನ ಕೆತ್ತಿಸಬಹುದಾದ ಸಂಗತಿಗಳು ಮೂರು. ಬಿಡದಿ ಕಡೆ ಕಾರ್ಖಾನೆಗಳು ಬಂದಾಗ ಜಮೀನು ಕೊಟ್ಟಿದ್ದು, ಅಣ್ಣನ ಜೊತೆ ಮಾತು ಬಿಟ್ಟಿದ್ದು, ನನ್ನ ಮಕ್ಕಳು ನಮ್ಮ ಹಾಗೆ ಕಿತ್ತಾಡಬಾರದೆಂದು ಸಾಯುವ ಮೊದಲೇ ಆಸ್ತಿ ಹಂಚಿದ್ದು. ಮೂರರಲ್ಲೂ ದಂಡನಾಯಕ ನಾನೇ. ಮೂರರಲ್ಲೂ ಮಣ್ಣು ಮುಕ್ಕಿದವನೂ ನಾನೇ.

ಎರಡು ಸಾವಿರದ ಆರರಲ್ಲಿ ನಮ್ಮ ಹೊಲಗಳಲ್ಲಿ ಸರ್ವೆಯವರ ಕಲ್ಲು ನೆಟ್ಟರು. ರಾಗಿ ಬೆಳೆಯುತ್ತಿದ್ದ ಕಡೆ ಈಗ ಕಾರಿನ ಬಿಡಿಭಾಗ ಬೆಳೆಯುತ್ತಾರೆ. ಅಣ್ಣ ಅಂಕಯ್ಯನ ಹೊಲಕ್ಕೂ ನನ್ನ ಹೊಲಕ್ಕೂ ನಡುವಿನ ಬದುವಿನಲ್ಲಿ ಒಂದು ಹಲಸಿನ ಮರವಿತ್ತು. ಪರಿಹಾರದ ಪಟ್ಟಿಯಲ್ಲಿ ಅದನ್ನು ಯಾರ ಹೆಸರಿಗೆ ಬರೆಯುವುದು ಎಂಬ ಪ್ರಶ್ನೆ ಎದ್ದಿತು. ಎದ್ದದ್ದು ಮಲಗಲೇ ಇಲ್ಲ. ಮರ ಹೋಯಿತು, ಬದು ಹೋಯಿತು, ಹೊಲವೂ ಹೋಯಿತು. ಜಗಳ ಮಾತ್ರ ಯಾವ ಸರ್ಕಾರವೂ ವಶಪಡಿಸಿಕೊಳ್ಳಲಾಗದ ಸ್ಥಿರಾಸ್ತಿಯಾಗಿ ಉಳಿಯಿತು. ಅಪ್ಪ ಕಟ್ಟಿದ ಮನೆಗೆ ನಡುಗೋಡೆ ಎಬ್ಬಿಸಿ ಎರಡು ಮಾಡಿಕೊಂಡೆವು. ಗೋಡೆಯ ಆಚೆ ಅವನ ಬಚ್ಚಲು, ಈಚೆ ನನ್ನದು. ಹದಿನೈದು ವರ್ಷ ಅವನು ಕೆಮ್ಮಿದ್ದು, ಕ್ಯಾಕರಿಸಿದ್ದು, ಬಿಸಿನೀರು ಸಾಲದೆಂದು ಅತ್ತಿಗೆಯನ್ನು ಗದರಿದ್ದು ಎಲ್ಲವೂ ನನಗೆ ಕೇಳಿಸಿತು. ನಮ್ಮಿಬ್ಬರ ನಡುವೆ ಮಾತೊಂದು ಇರಲಿಲ್ಲ.

ಜಮೀನು ಕೊಟ್ಟ ಪುಣ್ಯಕ್ಕೆ ನನಗೊಂದು ಬಿಡಿಭಾಗದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿತು. ನಟ್ಟು, ಬೋಲ್ಟು, ವಾಷರು ಸೇರಿ ಹನ್ನೊಂದು ಸಾವಿರ ಬಗೆಯ ಸಾಮಾನು. ಪ್ರತಿಯೊಂದಕ್ಕೂ ಒಂದು ನಂಬರು. ನಂಬರಿಲ್ಲದ ಒಂದೇ ಒಂದು ಸ್ಕ್ರೂ ನನ್ನ ಕೈ ದಾಟಿ ಹೋಗಿಲ್ಲವೆಂದು ನಾನು ಮದುವೆಮನೆಗಳಲ್ಲೂ ಕೊಚ್ಚಿಕೊಳ್ಳುತ್ತಿದ್ದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನನ್ನು ಬೈಯಲು ಬೇಕಾಗುತ್ತದೆ.

ಅಲ್ಲಿ ಕಂಪ್ಯೂಟರ್ ವಿಭಾಗದಲ್ಲಿ ಚೈತನ್ಯ ಎಂಬ ಇಂಜಿನಿಯರ್ ಇದ್ದರು. ಎರಡು ಸಾವಿರದ ಹದಿನೈದರಲ್ಲಿ ಅವರು ತಟ್ಟೆ ಇಡ್ಲಿ ತಿನ್ನುತ್ತಾ ಬಿಟ್‌ಕಾಯಿನ್ ಎಂಬ ಹಣದ ವಿಷಯ ಹೇಳಿದರು. ಮುಟ್ಟಲಾಗದು, ನೋಡಲಾಗದು, ಆದರೂ ಇದೆ. ದೇವರ ವಿಷಯದಲ್ಲಿ ಇದನ್ನೇ ಒಪ್ಪಿಕೊಂಡಿದ್ದವನು ದುಡ್ಡಿನ ವಿಷಯದಲ್ಲಿ ಯಾಕೆ ಹಿಂಜರಿಯಲಿ ಎಂದು ನಾನೂ ಒಂದು ಚೂರು ಕೊಂಡೆ. ಅವರೇ ನನ್ನ ಫೋನಿನಲ್ಲಿ ಅದರ ಆ್ಯಪ್ ಹಾಕಿಕೊಟ್ಟರು. ಒಂದು ಹಾಳೆಯಲ್ಲಿ ಹನ್ನೆರಡು ಇಂಗ್ಲಿಷ್ ಪದಗಳನ್ನು ಬರೆದು, "ಚೆಲುವಯ್ಯನೋರೆ, ಬೀಗದ ಕೈ ಇದು. ಫೋನ್ ಹೋದರೂ ಚಿಂತೆಯಿಲ್ಲ, ಇದು ಹೋಗಬಾರದು" ಎಂದರು. ಆಮೇಲೆ ಅವರು ಕೆಲಸ ಬಿಟ್ಟು ಬೇರೆಲ್ಲೋ ಹೋದರು. ಆ ಚೂರು ಮಾತ್ರ ಕೂತಲ್ಲೇ ಕೊಬ್ಬಿ, ಬಿಡದಿಯಲ್ಲಿ ಒಂದು ಸಣ್ಣ ಸೈಟು ಕೊಳ್ಳುವ ಮಟ್ಟಕ್ಕೆ ಬಂತು.

ಎರಡು ಸಾವಿರದ ಇಪ್ಪತ್ತೊಂದರ ಮಾಘದಲ್ಲಿ ಒಂದು ಬೆಳಿಗ್ಗೆ ನನಗೆ ಎದೆನೋವು ಬಂತು. ಯಮನ ಕೋಣದ ಗೊರಸಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ರಾಮನಗರದ ಡಾಕ್ಟರು ಪರೀಕ್ಷೆ ಮಾಡಿ, "ಬೆಳಿಗ್ಗೆ ಏನು ತಿಂದಿರಿ?" ಎಂದರು. "ಆರು ತಟ್ಟೆ ಇಡ್ಲಿ." "ಹಾಗಾದರೆ ಇದು ಗ್ಯಾಸು." ಸಾವಿನ ದವಡೆಯಿಂದ ಒಂದು ತೇಗಿನ ಬಲದಲ್ಲಿ ಪಾರಾಗಿ ಬಂದ ವೀರ ನಾನು. ಆದರೆ ಆಟೋದಲ್ಲಿ ಬರುವಾಗ ಒಂದು ಯೋಚನೆ ಹೊಕ್ಕಿತು. ನಾನು ನಿಜವಾಗಿ ಸತ್ತಿದ್ದರೆ ಆ ಚೂರಿನ ಗತಿ? ಬ್ಯಾಂಕಿನಲ್ಲಾದರೆ ಸತ್ತವನ ಹೆಂಡತಿ ಮರಣಪತ್ರ ಹಿಡಿದು ಹತ್ತು ಸಲ ಅಲೆದರೆ ಹನ್ನೊಂದನೇ ಸಲ ಕೊಡುತ್ತಾರೆ. ಇಲ್ಲಿ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ. ಅಲೆಯುವುದಕ್ಕೊಂದು ಬಾಗಿಲೂ ಇಲ್ಲ. ಹನ್ನೆರಡು ಪದ ಗೊತ್ತಿದ್ದವನು ಒಡೆಯ, ಗೊತ್ತಿಲ್ಲದವನು ಅನಾಥ.

ಪದಗಳನ್ನು ಬಾಯಿಪಾಠ ಮಾಡಿ, ಹಾಳೆ ಸುಟ್ಟು, ಸಾಯುವಾಗ ಮಕ್ಕಳ ಕಿವಿಯಲ್ಲಿ ಉಸುರಿಬಿಡೋಣ ಎಂದು ಮೊದಲು ಯೋಚಿಸಿದೆ. ಹಾಳೆಗೆ ಪ್ಲಾಸ್ಟಿಕ್ ಸುತ್ತಿ ಬಚ್ಚಲಿನ ಗೂಡಿನಲ್ಲಿ ಸೋಪಿನ ಹಿಂದೆ ಇಟ್ಟೆ. ದಿನಾ ಬೆಳಿಗ್ಗೆ ಸ್ನಾನಕ್ಕೆ ಕೂತು, ಹಾಳೆ ನೋಡಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದೆ. "ಲೆಮನ್... ಗೋಟ್... ಅಂಕಲ್..." ಆರು ತಿಂಗಳು ತಪಸ್ಸು ಮಾಡಿದೆ. ಹಾಳೆ ಮುಚ್ಚಿದರೆ ಮೂರನೆಯದಕ್ಕೇ ನಾಲಿಗೆ ತೊದಲುತ್ತಿತ್ತು. ಏಳನೇ ಕ್ಲಾಸಿನಲ್ಲಿ ಹದಿನೇಳರ ಮಗ್ಗಿ ಹೇಳಲಾಗದೆ ಬೆಂಚಿನ ಮೇಲೆ ನಿಂತವನಿಗೆ ಇದೆಲ್ಲಿ ಒಲಿಯಬೇಕು?

ಶ್ರಾವಣದಲ್ಲಿ ನನಗೆ ದಿವ್ಯಜ್ಞಾನವಾಯಿತು. ಹನ್ನೆರಡು ಪದಗಳನ್ನು ಹೆಂಡತಿ, ಮಗ, ಮಗಳಿಗೆ ತಲಾ ನಾಲ್ಕರಂತೆ ಪಾಲು ಮಾಡುವುದು! ಮೂವರೂ ಒಂದೆಡೆ ಕೂತರೇ ಬೀಗ ತೆಗೆದೀತು. ಅಣ್ಣತಂಗಿ ನನ್ನ ಮತ್ತು ಅಂಕಯ್ಯನ ಹಾಗೆ ಮಾತು ಬಿಟ್ಟರೆ ಇಬ್ಬರಿಗೂ ಚಿಪ್ಪು. ಚಾಣಕ್ಯನಿಗೂ ಹೊಳೆಯದ ತಂತ್ರವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ ಸಭೆ ಕರೆದೆ. ಕಾರ್ಖಾನೆಯ ಆಳುಗಳನ್ನು ಟೆಂಪೊದಲ್ಲಿ ಸಾಗಿಸುವ ಮಗ ಮಧುಕುಮಾರ್ ಬಂದು ಕೂತ. ಮಗಳು ಭಾನುಪ್ರಿಯ ಡಿಪ್ಲೊಮಾ ಓದಿದವಳು. ಬಿಡದಿಯಲ್ಲಿ ಅವಳದು ಕ್ವಾಲಿಟಿ ಪರೀಕ್ಷಿಸುವ ಕೆಲಸ, ಅಂದು ಶಿಫ್ಟಿಗೆ ಹೋಗಿದ್ದಳು. ಮನೆಯಲ್ಲಿದ್ದ ಏಕೈಕ ಬುದ್ಧಿ ಹೀಗೆ ಗೈರುಹಾಜರಾಗಿತ್ತು. ನಾನು ಗಂಭೀರವಾಗಿ ಪದಗಳನ್ನು ಓದುತ್ತಾ ಹೋದೆ. ಹೆಂಡತಿ ವೆಂಕಟಲಕ್ಷ್ಮಮ್ಮ ಒಂದೊಂದಕ್ಕೂ ಅರ್ಥ ಕೇಳಿದಳು.

"ಗೋಸ್ಟ್ ಅಂದ್ರೆ?"

"ದೆವ್ವ."

"ಆರ್ಫನ್ ಅಂದ್ರೆ?"

"ತಬ್ಬಲಿ."

ಅವಳು ಎದ್ದೇ ನಿಂತಳು. "ಅಲ್ಲ, ನಿಮಗೇನ್ ಬಂದಿರೋದು? ತಂದೆತಾಯಿ ಕಲ್ಲುಗುಂಡಿನಂಗೆ ಕೂತಿರೋವಾಗ್ಲೇ ಮಕ್ಳ ಪಾಲ್ಗೆ ತಬ್ಬಲಿ, ದೆವ್ವ ಅಂತ ಬರ್ದು ಕೊಟ್ಟೀರಾ? ಅದೂ ಸ್ರಾವಣ್ದಾಗೆ?"

"ಲೇ, ಅದು ಬರೀ ಪದ ಕಣೇ."

"ಬರೀ ಪದ ಆದ್ರೆ ಎರಡ್ನೂ ನೀವೇ ಇಟ್ಕಳಿ."

ಮಧು ನಡುವೆ ಬಾಯಿ ಹಾಕಿದ. "ಅಪ್ಪ, ನಂಗೆ ಡೈಮಂಡು, ಟೈಗರು ಕೊಟ್ಬುಡು. ಟೆಂಪೊ ಹಿಂದ್ಗಡೆ ಬರ್ಸ್ಕೊಳಕ್ಕೂ ಚೆಂದಾಗಿರ್ತದೆ."

"ಓಹೋ! ನನ್ ಮಗ್ಳಿಗೆ ಬೆಳ್ಳುಳ್ಳಿ, ಇವನ್ಗೆ ವಜ್ರ!"

ಆಸ್ತಿ ಹಂಚುವಾಗ ತಕರಾರು ಬಂದರೆ ನಮ್ಮ ಕಡೆ ಅದಕ್ಕೊಂದು ಧರ್ಮವಿದೆ. ಚೀಟಿ ಎತ್ತುವುದು. ನನ್ನ ಅಪ್ಪ, ತಾತ ಎಲ್ಲರೂ ಹೊಲವನ್ನು ಚೀಟಿ ಎತ್ತಿಯೇ ಹಂಚಿಕೊಂಡವರು. ನಾನೂ ಕತ್ತರಿ ತೆಗೆದುಕೊಂಡು ಹಾಳೆಯನ್ನು ಹನ್ನೆರಡು ಚೀಟಿ ಮಾಡಿದೆ. ಎಡಗಡೆ ಚೈತನ್ಯ ಹಾಕಿದ್ದ ಒಂದು, ಎರಡು, ಮೂರು ಎಂಬ ಅಂಕಿಗಳು ಚೀಟಿಯ ಅಂದ ಕೆಡಿಸುತ್ತಿದ್ದವು. ಅವುಗಳನ್ನು ನೀಟಾಗಿ ಕತ್ತರಿಸಿ ಒಲೆಗೆ ಹಾಕಿದೆ. ಚೀಟಿಗಳನ್ನು ಮಡಿಸಿ, ಮೊರದಲ್ಲಿ ಹಾಕಿ, ರಾಗಿ ಕೇರುವ ಹಾಗೆ ಚೆನ್ನಾಗಿ ಕುಲುಕಿದೆ. ಮಧುವಿಗೇ ತಬ್ಬಲಿಯೂ ದೆವ್ವವೂ ಬಂದವು. ನ್ಯಾಯದೇವತೆ ಕಣ್ಣು ಬಿಟ್ಟಳೆಂದು ಅವನ ತಾಯಿ ನಕ್ಕಳು. ಕೊನೆಗೆ ನಾನು ಎಲ್ಲರ ಎದುರು ಫೋನಿನಿಂದ ಆ್ಯಪ್ ತೆಗೆದುಹಾಕಿ, "ಇನ್ನು ಇದು ನನ್ನದಲ್ಲ" ಎಂದು ಕೈಮುಗಿದೆ. ರಾಜ್ಯ ಬಿಟ್ಟು ಕಾಡಿಗೆ ಹೊರಟ ಅರಸನ ಗತ್ತು ನನ್ನ ಮುಖದಲ್ಲಿತ್ತು.

ಸಂಜೆ ಭಾನು ಬಂದಳು. ಅವಳ ಪಾಲಿನ ನಾಲ್ಕು ಚೀಟಿಗಳನ್ನು ತಾಯಿ ಅರಿಶಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟಳು. ಅವಳು ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಂಬರ್ ಎಲ್ಲಪ್ಪ?"

"ಯಾವ್ ನಂಬರು?"

"ಯಾವ್ದು ಮೊದಲು, ಯಾವ್ದು ಆಮೇಲೆ? ಅದೇ ಸಾಲಲ್ಲಿ ಹಾಕಿದ್ರೇನೇ ಬೀಗ ತೆಗೆಯೋದು."

ನಾನು ಮೊರವನ್ನು ನೋಡಿದೆ. ಮೊರ ನನ್ನನ್ನು ನೋಡಿತು. ಭಾನು ಫೋನಿನಲ್ಲಿ ಲೆಕ್ಕ ಹಾಕಿ, ಹನ್ನೆರಡು ಪದಗಳನ್ನು ನಲವತ್ತೇಳು ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದಳು. "ಕಂಪ್ಯೂಟರ್ ಬಲ್ಲೋರಿಗೆ ಕೊಟ್ರೆ ಜೋಡಿಸ್ತಾರೆ. ಜೋಡಿಸಿ ಅವ್ರೇ ಇಟ್ಕೋತಾರೆ" ಎಂದೂ ಸೇರಿಸಿದಳು. ಹನ್ನೊಂದು ಸಾವಿರ ಸಾಮಾನಿಗೆ ನಂಬರು ಹಾಕಿದ ಮಹಾಪುರುಷ ಹನ್ನೆರಡು ಚೀಟಿಗೆ ಹಾಕಿರಲಿಲ್ಲ. ಇದ್ದ ನಂಬರನ್ನೂ ಒಲೆಗೆ ಹಾಕಿದ್ದ.

ಮೂರು ದಿನ ಮನೆಯಲ್ಲಿ ಯುದ್ಧ. ಮಧು ತಾಯಿಯನ್ನು ದೂರಿದ, ತಾಯಿ ನನ್ನನ್ನು ದೂರಿದಳು. ಭಾನು ಮಧುವಿನ ಡೈಮಂಡ್ ಆಸೆಯನ್ನು ಆಡಿಕೊಂಡಳು. ಅವನು ಅವಳ ಜೊತೆ ಮಾತು ಬಿಟ್ಟ. ಆಗ ನನಗೆ ಭಯವಾಯಿತು. ಚೂರು ಹೋಗಿದ್ದಕ್ಕಲ್ಲ. ಅಣ್ಣತಂಗಿ ಮಾತಾಡಿಕೊಂಡಿರಲಿ ಎಂದು ಮಾಡಿದ ಪಾಲು ಮೂರೇ ದಿನದಲ್ಲಿ ಹಲಸಿನ ಮರವಾಗಿತ್ತು.

ನಾಲ್ಕನೇ ದಿನ ವೆಂಕಟಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ, "ಭಾವನೋರ್ನ ಕೇಳಿ" ಎಂದಳು.

"ಯಾವ್ ಭಾವ?"

"ಇನ್ಯಾರು, ನಿಮ್ಮಣ್ಣ. ನೀವು ಬಚ್ಚಲಾಗೆ ಕೂತು ಅವ್ರ ಮ್ಯಾಲೆ ಮಾಟ ಮಾಡ್ತಿದ್ದೀರಿ ಅಂತ ಅಕ್ಕ ನನ್ನತ್ರ ಅತ್ತಿದ್ರು. ಭಾವ ಆ ಮಂತ್ರಾನೆಲ್ಲ ಬರ್ಕೊಂಡು ತಾಯತ ಕಟ್ಟಿಸ್ಕೊಂಡವ್ರಂತೆ."

ಗಂಡಸರು ಮಾತು ಬಿಟ್ಟ ಹದಿನೈದು ವರ್ಷವೂ ವಾರಗಿತ್ತಿಯರು ಹಿತ್ತಿಲಲ್ಲಿ ಸಾರು, ಸುದ್ದಿ ಎರಡನ್ನೂ ಬದಲಾಯಿಸಿಕೊಳ್ಳುತ್ತಿದ್ದರೆಂದು ನನಗೆ ತಿಳಿದಿದ್ದು ಆವತ್ತು.

ಹೋಗದೆ ವಿಧಿಯಿರಲಿಲ್ಲ. ನನ್ನ ಜಗಲಿಯಿಂದ ಅವನ ಜಗಲಿಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆ ಇಡಲು ನಾನು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟೆ. ಅಂಕಯ್ಯ ಬೀಡಿ ಹಚ್ಚಿಕೊಂಡು ಕೂತಿದ್ದ. ತೋಳಿನಲ್ಲಿ ತಾಮ್ರದ ತಾಯತ ಹೊಳೆಯುತ್ತಿತ್ತು.

"ಏನ್ಲಾ ಚೆಲುವ, ಮಂತ್ರ ಹತ್ತಲಿಲ್ಲ ಅಂತ ಎದುರ್ಗೇ ಬಂದ್ಬುಟ್ಟಾ?"

"ಅಣ್ಣ, ಅದು ಮಾಟ ಅಲ್ಲ."

"ನಂಗೂ ಒಸಿ ಇಂಗ್ಲಿಸು ಬತ್ತದೆ ಕಣ್ಲಾ. ಮೊದ್ಲು ಲೆಮನ್, ನಿಂಬೆಹಣ್ಣು. ಆಮೇಲೆ ಗೋಟು, ಮೇಕೆ ಬಲಿ. ಆಮೇಲೆ ನನ್ ಹೆಸ್ರು ಹಿಡ್ದು 'ಅಂಕ, ಲೇ' ಅಂತೀಯ. ಅದ್ರ ಹಿಂದ್ಗೇನೇ ಗೋಸ್ಟು! ಇನ್ನೇನ್ಲಾ ಬೇಕು?"

ನಾನು ತಲೆ ತಗ್ಗಿಸಿ ಕೂತು ಎಲ್ಲವನ್ನೂ ಹೇಳಿದೆ. ಗ್ಯಾಸು, ಚೂರು, ಮೊರ, ಒಲೆ. ಅವನು ನಗಲಿಲ್ಲ. ಬೀಡಿ ಆರಿಸಿ, "ತಾಯತ ಕಟ್ಟೋ ಚನ್ನಪಟ್ಣದ ವಹಾಬ್ ಸಾಬ್ರೂ ಅದ್ನೇ ಅಂದಿದ್ರು. 'ಇದು ಮಾಟ ಅಲ್ಲ ಅಂಕಯ್ಯನೋರೆ, ಸಂತೆ ಸಾಮಾನಿನ ಪಟ್ಟಿ ಇದ್ದಂಗೈತೆ' ಅಂದ್ರು. ನಾನೇ ಹಟ ಮಾಡಿ ಕಟ್ಟಿಸ್ಕೊಂಡೆ" ಎಂದ. ಆಮೇಲೆ ತಾಯತವನ್ನು ಕೈಯಲ್ಲಿ ಮುಚ್ಚಿಕೊಂಡ. "ಇದ್ನ ಬಿಚ್ಚಾಕಿಲ್ಲ. ಬಾಯಲ್ಲಿ ಯೋಳ್ತೀನಿ. ಆದ್ರೆ ಮೊದ್ಲು ನೀನೊಂದ್ ಮಾತ್ ಯೋಳು. ಹಲಸಿನ್ ಮರ ಯಾರ್ದು?"

ಹದಿನೈದು ವರ್ಷ ಕಾದ ಕೋಟೆ ಅದು. ನಾಲ್ಕು ಸಾಕ್ಷಿ, ಎರಡು ಪಂಚಾಯ್ತಿ, ಒಂದು ವಕೀಲರ ನೋಟಿಸಿಗೂ ಬೀಳದ ಕೋಟೆ. ಗೋಡೆಯ ಆಚೆಯಿಂದ, ತಂಗಿಗೆ ಹೇಳಬೇಕಾದ್ದನ್ನು ಮಧು ತಾಯಿಗೆ ಹೇಳಿ ರೇಗುತ್ತಿದ್ದುದು ಕೇಳಿಸಿತು.

"ನಿಂದು ಕಣಣ್ಣ" ಎಂದೆ.

ಅಂಕಯ್ಯ ಆರಿದ ಬೀಡಿಯನ್ನು ಅಂಗಳಕ್ಕೆ ಎಸೆದ. "ಸುಳ್ ಬೊಗಳ್ತೀಯ" ಎಂದ. "ಅಪ್ಪ ಅದ್ನ ನೆಟ್ಟಿದ್ದು ನೀನ್ ಹುಟ್ಟಿದ್ ದಿನ. ನಂಗೆ ಗೊತ್ತಿಲ್ವಾ?"

ಆಮೇಲೆ ಕಣ್ಣು ಮುಚ್ಚಿ ಹೇಳಿದ. ನಾನು ಅಂಗೈ ಮೇಲೆ ಬರೆದುಕೊಂಡೆ, ಈ ಸಲ ನಂಬರು ಹಾಕಿ. "ಲೆಮನ್, ಗೋಟ್, ಅಂಕಲೇ, ಗೋಸ್ಟ್, ಲ್ಯಾಡರ್, ಪೆಪ್ಪರ್, ಆರ್ಪನ್, ಬಾಸ್ಕೇಟು, ಟೈಗರ್, ಡೈಮಂಡ್, ಗಾರ್ಲಿಕ್." ಒಂದೂ ತೊದಲಲಿಲ್ಲ. ಆಸೆಯಿಂದ ಆರು ತಿಂಗಳು ಓದಿದ ನನಗೆ ಬಾರದ ಪಾಠ ಭಯದಿಂದ ಕೇಳಿದ ಅವನಿಗೆ ಬಂದಿತ್ತು.

"ಹನ್ನೆರಡ್ನೇದು?"

"ಅದು ಕೇಳಿಸ್ತಿರ್ಲಿಲ್ಲ. ಅಷ್ಟೊತ್ಗೆ ನೀನು ತಲೆ ಮ್ಯಾಲೆ ನೀರು ಸುರ್ಕೊತಿದ್ದೆ."

ಬೇಕಾಗಿಯೂ ಇರಲಿಲ್ಲ. ಚೀಟಿಗಳಲ್ಲಿ ಉಳಿದದ್ದು ಒಂದೇ, ವಿಂಡೋ. ಭಾನು ಸಾಲಾಗಿ ಹಾಕಿದಳು, ಬೀಗ ತೆಗೆಯಿತು. ಮಧು ತಂಗಿಯ ಭುಜದ ಮೇಲಿಂದ ಇಣುಕಿ, "ಬಂತೇನೆ?" ಎಂದ. ಮೂರು ದಿನದ ಮೌನ ಅಲ್ಲಿಗೆ ಮುಗಿಯಿತು.

ಇಡೀ ಬೀದಿ ಕೇಳಿರುವ ಪದಗಳನ್ನು ನಂಬಬಾರದೆಂದು ಭಾನು ಆ ಚೂರನ್ನು ಬೇರೆ ಬೀಗಕ್ಕೆ ಬದಲಾಯಿಸಿದಳು. ಹೊಸ ಹನ್ನೆರಡು ಪದಗಳಿಗೆ ನಂಬರು ಹಾಕಿ ಎರಡು ಪ್ರತಿ ಬರೆದಿದ್ದಾಳೆ. ಒಂದು ಅವಳ ತಾಯಿಯ ಹತ್ತಿರ, ಒಂದು ಮಧುವಿನ ಹತ್ತಿರ. ಎಲ್ಲಿಟ್ಟಿದ್ದಾರೆಂದು ಕೇಳಿದೆ. "ನಿಮಗ್ಯಾಕೆ ಯೋಳಾನ? ಮೊರುಕ್ಕೆ ಹಾಕಕ್ಕಾ?" ಎಂದಳು ವೆಂಕಟಲಕ್ಷ್ಮಮ್ಮ. ನಾನು ಸತ್ತರೆ ಯಾರಿಗೂ ತೊಂದರೆಯಿಲ್ಲ. ಬದುಕಿರುವಾಗ ಬೇಕೆಂದರೆ ನನಗೇ ಸಿಗುವುದಿಲ್ಲ.

ಹಳೆಯ ಪದಗಳಿಗೆ ಈಗ ಮೂರು ಕಾಸಿನ ಬೆಲೆಯಿಲ್ಲ. ಆದರೂ ಬೆಳಿಗ್ಗೆ ಬಚ್ಚಲಿಗೆ ಕೂತರೆ ಬಾಯಿಗೆ ಅವೇ ಬರುತ್ತವೆ. ನಿನ್ನೆಯೂ ಹೇಳುತ್ತಾ, ಲ್ಯಾಡರ್ ಆದ ಮೇಲೆ ತಡವರಿಸಿ ಆರ್ಫನ್‌ಗೆ ಹಾರಿದೆ. ಗೋಡೆಯ ಆಚೆ ಚೆಂಬು ನೆಲಕ್ಕೆ ಕುಕ್ಕಿದ ಸದ್ದಾಯಿತು.

"ಲೇ, ಪೆಪ್ಪರ್ ಬುಟ್ಬುಟ್ಟೆ ಕಣ್ಲಾ! ಮೊದ್ಲಿಂದ ಯೋಳು!"